ಶಾಂತಿಯ ಅರ್ಥವೂ ಆಯುಧದ ಅಳತೆಯೂ

1962ರ ಅಕ್ಟೋಬರಿನಲ್ಲಿ ಕ್ಯೂಬಾ ಬಿಕ್ಕಟ್ಟು ಜಗತ್ತನ್ನು ಅಣುಯುದ್ಧದ ಅಂಚಿಗೆ ತಂದಿತು. ಆರು ತಿಂಗಳೊಳಗೆ, 1963ರ ಏಪ್ರಿಲ್ 11ರಂದು, ಪೋಪ್ 23ನೆಯ ಜಾನ್ ‘ಪಾಚೆಮ್ ಇನ್ ತೆರ್ರಿಸ್’ ವಿಶ್ವಪತ್ರವನ್ನು ಹೊರಡಿಸಿದರು. ಅಣುಯುಗದಲ್ಲಿ ಯುದ್ಧವನ್ನು ನ್ಯಾಯದ ಸಾಧನವೆಂದು ಭಾವಿಸುವುದು ವಿವೇಕಕ್ಕೆ ದೂರವಾದುದೆಂದು ಅದು ಸಾರಿತು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯ ‘ಗೌದಿಯುಮ್ ಎತ್ ಸ್ಪೆಸ್’ ಇಡೀ ನಗರಗಳ ವಿವೇಚನಾರಹಿತ ವಿನಾಶವನ್ನು ಖಂಡಿಸಿತು.

ಈ ಎರಡು ಖಂಡನೆಗಳೂ ಬಹುಮಟ್ಟಿಗೆ ಆಯುಧದ ವಿನಾಶಶಕ್ತಿಯನ್ನು ಆಧರಿಸಿವೆ. ಇಂದಿನ ಡ್ರೋನ್ ಇದಕ್ಕೆ ತದ್ವಿರುದ್ಧವಾದುದನ್ನು ಹೇಳಿಕೊಳ್ಳುತ್ತದೆ: ತಾನು ಚಿಕ್ಕದು, ಗುರಿ ತಪ್ಪದು, ನಿರಪರಾಧಿಗಳನ್ನು ಕೊಲ್ಲದು. ಈ ಮಾತು ಹಲವು ಬಾರಿ ಸುಳ್ಳಾಗಿದೆ. ಅದು ನಿಜವೇ ಆದರೆ ಜೀವಹಾನಿ ತಗ್ಗುವುದೆಂಬುದನ್ನೂ ಒಪ್ಪಬೇಕು. ಆದರೆ ಆಗ, ಅಣುಬಾಂಬಿನ ಗಾತ್ರವನ್ನು ನೆಚ್ಚಿದ ನಮ್ಮ ವಾದಕ್ಕೆ ಉಳಿಯುವ ಬಲವೇನು?

2020ರ ‘ಫ್ರತೆಲ್ಲಿ ತುತ್ತಿ’ಯ 258ನೆಯ ಪರಿಚ್ಛೇದವನ್ನು ಈ ಪ್ರಶ್ನೆಯೊಡನೆ ಓದಬೇಕು. ನ್ಯಾಯಯುದ್ಧದ ಮಾನದಂಡಗಳನ್ನು ಇಂದು ಬಳಸುವುದು ಬಹು ಕಷ್ಟವೆಂಬ ಪೋಪ್ ಫ್ರಾನ್ಸಿಸರ ನಿಲುವು ಧೀರವಾದುದು. ಆದರೂ ಎರಡು ಕೊರತೆಗಳು ಕಾಣುತ್ತವೆ. ಹತೋಟಿ ಮೀರಿದ ವಿನಾಶಶಕ್ತಿಯೇ ಇಲ್ಲಿಯೂ ಮುಖ್ಯ ಕಾರಣ. ಸಂತ ಅಗಸ್ಟೀನರ ನ್ಯಾಯಯುದ್ಧದ ಪರಿಕಲ್ಪನೆಯನ್ನು ನಾವಿಂದು ಎತ್ತಿಹಿಡಿಯುವುದಿಲ್ಲವೆಂಬ ಗುರುತರ ಮಾತು ಅಡಿಟಿಪ್ಪಣಿಯಲ್ಲಿ ಅಡಗಿದೆ. ಕಥೋಲಿಕ ಧರ್ಮೋಪದೇಶ ಗ್ರಂಥದ 2309ನೆಯ ಪರಿಚ್ಛೇದವಾದರೋ ರಕ್ಷಣಾಯುದ್ಧದ ಷರತ್ತುಗಳನ್ನು ಇಂದಿಗೂ ಬೋಧಿಸುತ್ತದೆ. 2022ರಲ್ಲಿ ದಾಳಿಗೊಳಗಾದ ಉಕ್ರೇನಿನ ವಿಶ್ವಾಸಿಗೆ ನಾವು ಯಾವುದನ್ನು ಓದಿ ಹೇಳಬೇಕು? ಈ ಅಸ್ಪಷ್ಟತೆಯ ಭಾರವನ್ನು ಹೊರುವವನು ಆತನೇ.

ಪರಿಹಾರದ ಸುಳಿವು ‘ಪಾಚೆಮ್ ಇನ್ ತೆರ್ರಿಸ್’ನಲ್ಲೇ ಇದೆ. ಸತ್ಯ, ನ್ಯಾಯ, ಪ್ರೀತಿ, ಸ್ವಾತಂತ್ರ್ಯ ಎಂಬ ನಾಲ್ಕು ಆಧಾರಗಳು ಶಾಂತಿಯನ್ನು ಅಳೆಯುವುದು ಮಾನವ ಸಂಬಂಧಗಳಿಂದ, ಆಯುಧದ ಬಲದಿಂದಲ್ಲ. ಆಕ್ರಮಣಕ್ಕೊಳಗಾದವರ ರಕ್ಷಣೆಯ ಹಕ್ಕನ್ನು ಈ ಅಳತೆ ಅಲ್ಲಗಳೆಯುವುದಿಲ್ಲ. ಆದರೆ ರಕ್ಷಣೆಯನ್ನೇ ಶಾಂತಿಯೆಂದು ಕರೆಯಲು ಬಿಡುವುದಿಲ್ಲ. ಗುರಿ ತಪ್ಪದ ಡ್ರೋನಿನ ಕೆಳಗೆ ಆಕಾಶಕ್ಕೆ ಅಂಜಿ ಬದುಕುವ ಹಳ್ಳಿಯಲ್ಲಿ ಸಾವು ವಿರಳವಾಗಿರಬಹುದು, ಶಾಂತಿಯಂತೂ ಇಲ್ಲ.

ಪುನರುತ್ಥಾನರಾದ ಯೇಸುಸ್ವಾಮಿ ಶಿಷ್ಯರಿಗೆ ಶಾಂತಿಯನ್ನು ಹಾರೈಸಿದೊಡನೆ ತಮ್ಮ ಕೈಗಳನ್ನೂ ಪಕ್ಕೆಯನ್ನೂ ತೋರಿಸಿದರು (ಯೊವಾನ್ನ 20:19-20). ಗಾಯವನ್ನು ದೂರದ ಪರದೆಯೊಂದರ ಮೇಲಿನ ಚುಕ್ಕೆಯಾಗಿಸುವ ಯುದ್ಧದ ಕಾಲದಲ್ಲಿ, ಗಾಯವನ್ನು ಕಾಣಗೊಡದ ಯಾವ ನೆಮ್ಮದಿಗೂ ಧರ್ಮಸಭೆ ಶಾಂತಿಯ ಹೆಸರನ್ನು ಕೊಡಲಾಗದು.