ಚಕ್ಕುಬಂದಿಯಿಲ್ಲದ ನೆಲ

ನೆಲ ಕಳೆದುಕೊಂಡವರ ಕಥೆಗಳನ್ನು ಕುರಿತ ನಮ್ಮ ವಿಮರ್ಶೆ ‘ಮಣ್ಣಿನ ನಂಟು’ ಎಂಬ ಮಾತಿಗೆ ಬೇಗನೆ ಒಲಿದುಬಿಡುತ್ತದೆ. ನ್ಯಾಯಾಲಯಕ್ಕೆ ಈ ನಂಟು ಸಾಲದು. ಭೂಮಿಯನ್ನು ಮರಳಿ ಕೊಡಿಸಬೇಕೆಂದು ದಾವೆ ಹೂಡಿದ ವಾದಿಯು ತನ್ನ ಹಕ್ಕಿನ ಬಲದಿಂದಲೇ ಗೆಲ್ಲಬೇಕು. ಪ್ರತಿವಾದಿಯ ದಾಖಲೆಗಳ ದೌರ್ಬಲ್ಯ ಅವನಿಗೆ ಆಸರೆಯಾಗದು. 1872ರ ಸಾಕ್ಷ್ಯ ಅಧಿನಿಯಮದ 110ನೆಯ ಕಲಮು ಸ್ವಾಧೀನದಲ್ಲಿರುವವನ ಪರವಾಗಿ ನಿಂತು, ಅವನು ಒಡೆಯನಲ್ಲವೆಂದು ಸಾಧಿಸುವ ಹೊಣೆಯನ್ನು ಹಾಗೆನ್ನುವವನ ಮೇಲೆಯೇ ಹೊರಿಸಿತು. ಉಳುಮೆ ಮಾಡಿದ ಕೈಗೆ ಇದರಿಂದ ಅನುಕೂಲವಾಯಿತೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಉಳುವ ಕೈಯೆಲ್ಲವೂ ಸ್ವಾಧೀನದ ಕೈಯೇ? ಕಾದಂಬರಿಗಳನ್ನು ಕೇಳಬೇಕಾದ ಪ್ರಶ್ನೆ ಇದು.

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಭೂಮಿಯ ಹಕ್ಕಿನ ಕಾದಂಬರಿಯೆಂದು ಓದುವುದು ರೂಢಿಯಾಗಿದೆ. ಈ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಚೋಮ ಹಕ್ಕನ್ನು ಕೇಳುವುದಿಲ್ಲ, ಬೇಡುತ್ತಾನೆ. ಅವನ ಬಳಿ ಎತ್ತುಗಳಿವೆ, ಹೊಲವಿಲ್ಲ. ಸಂಕಪ್ಪಯ್ಯನ ಮನಸ್ಸು ಕರಗುವ ಗಳಿಗೆಯಲ್ಲಿ ಅಡ್ಡ ಬರುವುದು ಯಾವ ಶಾಸನವೂ ಅಲ್ಲ, ಹೊಲೆಯನು ಬೇಸಾಯಗಾರನಾಗಬಾರದೆಂಬ ಕಟ್ಟಳೆ ಮತ್ತು ಅದನ್ನು ಕಾಯುವ ತಾಯಿಯ ಬಾಯಿ. ಒಂದು ವೇಳೆ ಚೋಮನನ್ನು ಮುನ್ಸೀಫರ ಮುಂದೆ ನಿಲ್ಲಿಸಿದರೂ ಫಲವಿಲ್ಲ. ಕೂಲಿಯಾಳಿನ ಸ್ವಾಧೀನವನ್ನು ಕಾನೂನು ಧಣಿಯ ಸ್ವಾಧೀನವೆಂದೇ ಎಣಿಸುತ್ತದೆ. ಗೋವೆಯ ಮನೆಯೊಂದರ ವ್ಯಾಜ್ಯವಾದ ಮಾರಿಯಾ ಮಾರ್ಗರಿದಾ ಪ್ರಕರಣದಲ್ಲಿ (2012) ಸರ್ವೋಚ್ಚ ನ್ಯಾಯಾಲಯವು ಕಾವಲುಗಾರ, ಮೇಲ್ವಿಚಾರಕ, ಸೇವಕ ಇವರು ಎಷ್ಟು ವರ್ಷ ಇದ್ದರೂ ಆಸ್ತಿಯಲ್ಲಿ ಹಿತಾಸಕ್ತಿ ಪಡೆಯಲಾರರೆಂದು ಹೇಳಿತು. ಆ ವ್ಯಾಜ್ಯದ ಮಟ್ಟಿಗೆ ಇದು ನ್ಯಾಯವೇ ಇರಬಹುದು. ಆದರೆ ಅದೇ ಸೂತ್ರವನ್ನು ಹಿಡಿದು ಕಾರಂತರತ್ತ ಮರಳಿದರೆ, ಚೋಮನ ವಂಶ ಒಡೆಯರ ಗದ್ದೆಗಳಿಗೆ ಸುರಿದ ದುಡಿಮೆಯೆಲ್ಲವೂ ಒಡೆಯರ ಸ್ವಾಧೀನಕ್ಕೇ ಸಾಕ್ಷ್ಯವಾಗುತ್ತದೆ. ಕಾದಂಬರಿಯಲ್ಲಿ ಎಲ್ಲೆಗಳಿರುವ ತುಂಡು ನೆಲವೊಂದು ಇಲ್ಲದಿರುವುದನ್ನು ಕೊರತೆಯೆನ್ನಲಾಗದು. ಎಲ್ಲೆ ಹೇಳುವ ಅಧಿಕಾರವೇ ಇಲ್ಲದವನಿಗೆ ಉಳಿದದ್ದು ದುಡಿಯ ಸದ್ದು ಮಾತ್ರ, ಅದನ್ನು ನಿಶಾನೆ ಹಾಕಿ ಕಡತಕ್ಕೆ ಸೇರಿಸಲಾಗದು.

ಇದರ ಎದುರಿಗೆ ಫಕೀರಮೋಹನ ಸೇನಾಪತಿಯವರ ಒಡಿಯಾ ಕಾದಂಬರಿ ‘ಛ ಮಾಣ ಆಠ ಗುಂಠ’ವನ್ನು ಇಡಬೇಕು. 1897ರಿಂದ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಈ ಕೃತಿಯ ಹೆಸರೇ ದಾವೆಯ ಷೆಡ್ಯೂಲಿನಂತಿದೆ. ಸ್ಥಿರಾಸ್ತಿಯ ದಾವಾಪತ್ರದಲ್ಲಿ ಆಸ್ತಿಯನ್ನು ಗುರುತಿಸಲು ಸಾಕಾಗುವಷ್ಟು ವಿವರ ಇರಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ವಿಧಿಸುತ್ತದೆ. ಸೇನಾಪತಿ ಅದನ್ನು ಮುಖಪುಟದಲ್ಲೇ ಒದಗಿಸುತ್ತಾರೆ. ನೇಕಾರ ಭಗಿಯಾನಿಗೆ ಚೋಮನಿಗಿಲ್ಲದ್ದೆಲ್ಲ ಇದೆ, ಹೆಸರಿದೆ, ಅಳತೆಯಿದೆ, ಒಡೆತನವಿದೆ. ಅವನನ್ನು ಕೆಡಿಸುವುದು ಅದೇ. ಮಕ್ಕಳ ಆಸೆಗೆ ದೇವಿಗೆ ಗುಡಿ ಕಟ್ಟಿಸಲು ಹೊರಟ ದಂಪತಿಯಿಂದ ಜಮೀನ್ದಾರ ಮಂಗರಾಜ ನೆಲವನ್ನು ಅಡವು ಬರೆಸಿಕೊಳ್ಳುತ್ತಾನೆ. ಒಡೆತನವಿಲ್ಲದವನಿಂದ ಅಡವು ಬರೆಸಿಕೊಳ್ಳಲು ಸಾಧ್ಯವೆಲ್ಲಿ? ಸುಳ್ಳು ದಸ್ತಾವೇಜು ಬೇಕಾಗುವುದೇ ಇಲ್ಲ, ದೈವವಾಣಿ ಮಾತ್ರ ಸುಳ್ಳು. ಕೊನೆಗೆ ಮಂಗರಾಜನ ಆಸ್ತಿಯೂ ವಕೀಲನ ಪಾಲಾಗುವಾಗ ಸೇನಾಪತಿಯವರ ವ್ಯಂಗ್ಯ ಪೂರ್ತಿಯಾಗುತ್ತದೆ. ದೇಶೀ ಸಂಸ್ಥಾನಗಳಲ್ಲಿ ಆಡಳಿತ ನಡೆಸಿದವರ ಕೈಬರಹವಿದು. ಕಾಗದದ ಶಕ್ತಿಯನ್ನು ಬಲ್ಲವರು ಅದನ್ನು ದೂರದಿಂದ ಶಪಿಸುವುದಿಲ್ಲ.

ನಿರಂಜನರ ‘ಚಿರಸ್ಮರಣೆ’ (1955) ನಮ್ಮ ಗಡಿನಾಡಿಗೇ ಸೇರಿದ್ದು. ಕಯ್ಯೂರಿನ ರೈತಹೋರಾಟ ನಡೆದಾಗ ಆ ಊರು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1941ರ ಘಟನೆಗಾಗಿ 1943ರ ಮಾರ್ಚ್‌ನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದ ಮೊಕದ್ದಮೆ ಕೊಲೆಯದು. ನೆಲ ಯಾರದೆಂಬ ಪ್ರಶ್ನೆ ಅಲ್ಲಿ ತೀರ್ಪಿನ ವಿಷಯವಾಗಿರಲಿಲ್ಲ. ಆ ಪ್ರಶ್ನೆಯನ್ನು ಕಾದಂಬರಿ ಸ್ಮರಣೆಯ ಬಲದಿಂದ ಎತ್ತುತ್ತದೆ. ಅದರ ಹಿರಿಮೆಯೂ ಅಲ್ಲಿದೆ, ಮಿತಿಯೂ ಅಲ್ಲಿದೆ ಎಂದು ನನ್ನ ಅನಿಸಿಕೆ.

ಸ್ಮರಣೆಗೂ ಕಾಗದಕ್ಕೂ ನಡುವಿನ ಅಂತರ ನಮ್ಮಲ್ಲಿ ಭಾಷೆಯ ಅಂತರವೂ ಹೌದು. ಮಂಜೇಶ್ವರ, ಕಾಸರಗೋಡಿನ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿರುವ ಕನ್ನಡ ಗೇಣಿಚೀಟಿಗಳು 1956ರ ನವೆಂಬರ್ ಒಂದರ ನಂತರ ಬೇರೆ ಭಾಷೆಯ ಆಡಳಿತದ ಮುಂದೆ ಹಾಜರಾಗಬೇಕಾಯಿತು. ಮೂವತ್ತು ವರ್ಷ ದಾಟಿದ ದಸ್ತಾವೇಜು ಸರಿಯಾದ ವಶದಿಂದ ಬಂದಿದ್ದರೆ ಅದರ ಸಹಿ, ಬರವಣಿಗೆ ಅಸಲೆಂದು ನ್ಯಾಯಾಲಯ ಭಾವಿಸಬಹುದು. ಒಳಗಿನ ಪದದ ಅರ್ಥಕ್ಕೆ ಅಂಥ ರಕ್ಷಣೆಯಿಲ್ಲ. ಮೂಲಗೇಣಿ ಶಾಶ್ವತ ಹಕ್ಕು, ವಾಯಿದೆಗೇಣಿ ಅವಧಿಯದು, ಚಾಲಗೇಣಿ ಧಣಿಯ ಮರ್ಜಿಯದು. ಮೂರನ್ನೂ ‘ಪಾಟ್ಟಂ’ ಎಂದು ಮಲಯಾಳಕ್ಕಿಳಿಸುವ ಅನುವಾದಕ ಸುಳ್ಳು ಹೇಳಿದಂತಾಗುವುದಿಲ್ಲ, ಆದರೆ ವಾದಿಯ ಕೈಯಲ್ಲಿದ್ದ ಒಂದೇ ಆಧಾರ ಕರಗಿಹೋಗಬಹುದು. ತೌಲನಿಕ ಸಾಹಿತ್ಯದವರಾದ ನಾವು ಅನುವಾದದ ನಷ್ಟವನ್ನು ಕವಿತೆಯಲ್ಲಿ ಹುಡುಕುವಷ್ಟು ಶ್ರದ್ಧೆಯಿಂದ ಇಲ್ಲಿ ಹುಡುಕಿಲ್ಲ.

ಸೇನಾಪತಿಯವರ ಹೆಸರಿನಲ್ಲೇ ಇದಕ್ಕೊಂದು ನಿದರ್ಶನವಿದೆ. ಒಡಿಯಾ ಲೆಕ್ಕದಲ್ಲಿ ಇಪ್ಪತ್ತೈದು ಗುಂಠಕ್ಕೆ ಒಂದು ಮಾಣ. ನಮ್ಮ ಬಯಲುಸೀಮೆಯಲ್ಲಿ ನಲವತ್ತು ಗುಂಟೆಗೆ ಒಂದು ಎಕರೆ. ಮಾಣವನ್ನು ಎಕರೆಯೆಂದೇ ಹಿಡಿದು, ಪರಿಚಿತ ಪದವೆಂದು ‘ಎಂಟು ಗುಂಟೆ’ ಎಂದು ಬರೆದುಬಿಟ್ಟರೆ ಭಗಿಯಾನ ಹೊಲ 6.32 ಎಕರೆಯಿಂದ 6.20ಕ್ಕೆ ಇಳಿಯುತ್ತದೆ. ಕಾಸರಗೋಡಿನ ಅಳತೆಯಲ್ಲಿ ಅದು ಹನ್ನೆರಡು ಸೆಂಟ್ಸು, ಒಂದು ಮನೆ ಮತ್ತು ಬಾವಿಗೆ ಸಾಲುವಷ್ಟು ಜಾಗ.