ಬದುಕಿ ತಲುಪಿತು ಎಂಬ ಲೆಕ್ಕ

ಅಮೆರಿಕದಲ್ಲಿ ಹಾವು, ಹಲ್ಲಿ, ಆಮೆಗಳನ್ನು ಸಾಕಿ ಮಾರುವವರ ನಡುವೆ ‘ಲೈವ್ ಅರೈವಲ್ ಗ್ಯಾರಂಟಿ’ ಎಂಬ ಮಾತಿಗಿರುವ ಮರ್ಯಾದೆ ಇನ್ನಾವ ಮಾತಿಗೂ ಇಲ್ಲ. ಜೀವಂತ ತಲುಪಿಸುವ ಖಾತರಿ ಎಂದು ಅದರ ಅರ್ಥ. ಸಾವಿರಾರು ಡಾಲರಿನ ಬಣ್ಣದ ಬಾಲ್ ಪೈಥಾನ್ ಹೆಬ್ಬಾವು ಮಾರುವವರೂ ಬೆರಳುದ್ದದ ಗೆಕ್ಕೊ ಹಲ್ಲಿಯ ಮರಿ ಮಾರುವವರೂ ಅದನ್ನು ಬಾಗಿಲಿಗೆ ಕಟ್ಟಿದ ಮಾವಿನ ತೋರಣದ ಹಾಗೆ ಇಳಿಬಿಟ್ಟಿರುತ್ತಾರೆ. ಕೊಳ್ಳುವವರು ಮಾರುವವರ ಯೋಗ್ಯತೆಯನ್ನು ತೂಗುವುದೂ ಅದರಿಂದಲೇ. ಇಂದು ಸಂಜೆ ಫ್ಲಾರಿಡಾದಲ್ಲಿ ಪೆಟ್ಟಿಗೆ ಸೇರಿದ ಪ್ರಾಣಿ ನಾಳೆ ಬೆಳಿಗ್ಗೆ ಮಿನೆಸೋಟದ ಮನೆಬಾಗಿಲಲ್ಲಿ ತಲೆಯೆತ್ತುತ್ತದೆ. ಅಕಸ್ಮಾತ್ ಸತ್ತಿದ್ದರೆ ದುಡ್ಡು ವಾಪಸ್ಸು. ಇಷ್ಟಾದ ಮೇಲೆ ಕೊರಿಯರಿನಲ್ಲಿ ಜೀವ ಸಾಗಿಸುವ ಸಮಸ್ಯೆ ಬಗೆಹರಿದಂತೆಯೇ ಎಂಬ ನಂಬಿಕೆ ಬೇರೂರಿದೆ. ಈ ಖಾತರಿ ಹಣಕ್ಕೇ ಹೊರತು ಪ್ರಾಣಕ್ಕಲ್ಲ ಎಂದು ಮೂಗು ಮುರಿಯುವುದು ಸುಲಭ, ಅದನ್ನು ಯಾರು ಬೇಕಾದರೂ ಹೇಳಿಯಾರು. ನನ್ನ ತಕರಾರು ಅದಕ್ಕೂ ಹಿಂದಿನದು. ತಲುಪಿದಾಗ ಬದುಕಿತ್ತೇ ಎಂಬ ಪ್ರಶ್ನೆ ಸರೀಸೃಪದ ಮಟ್ಟಿಗೆ ಬಹುತೇಕ ಏನನ್ನೂ ಕೇಳದ ಪ್ರಶ್ನೆ. ಅದರ ಮೇಲೆ ಕಟ್ಟಿದ ಖ್ಯಾತಿಯೂ ಹಾಗೆಯೇ ಟೊಳ್ಳು.

ಹಿನ್ನೆಲೆಯನ್ನು ಹೆಚ್ಚು ಬೆಳೆಸಬೇಕಿಲ್ಲ. ಅಲ್ಲಿನ ಅಂಚೆ ಇಲಾಖೆ ಹಾವು, ಆಮೆಗಳನ್ನು ಮುಟ್ಟುವುದಿಲ್ಲ. ಯುಪಿಎಸ್ ಹಲ್ಲಿ, ಆಮೆಗಳನ್ನು ಒಯ್ದರೂ ಹಾವನ್ನು ಒಯ್ಯುವುದಿಲ್ಲ. ಹೀಗಾಗಿ ಹಾವಿನ ವ್ಯಾಪಾರ ಮುಖ್ಯವಾಗಿ ಫೆಡೆಕ್ಸ್‌ನ ಮರುದಿನದ ಸೇವೆಯನ್ನೂ, ಆ ಸೇವೆಯ ಚೀಟಿಗಳನ್ನು ಸಾಕಣೆದಾರರಿಗೆ ಮಾರುವ ಮಧ್ಯವರ್ತಿಗಳನ್ನೂ ನೆಚ್ಚಿಕೊಂಡಿದೆ. ಅಂಚೆಯ ನಿಯಮಾವಳಿಯಲ್ಲಿ ಒಂದು ತಮಾಷೆ ಇದೆ: 20 ಅಂಗುಲ ಮೀರದ ಅಲಿಗೇಟರ್ ಮೊಸಳೆಮರಿ ಅಂಚೆಯಲ್ಲಿ ಹೋಗಬಹುದು, ಪೆನ್ಸಿಲ್ ಗಾತ್ರದ ವಿಷವಿಲ್ಲದ ಹಾವಿನಮರಿ ಹೋಗಕೂಡದು. ನಿಯಮ ಬರೆದವರ ಮನಸ್ಸಿನಲ್ಲಿದ್ದದ್ದು ಪೆಟ್ಟಿಗೆ ಎತ್ತುವವನ ಅಂಜಿಕೆ. ಪೆಟ್ಟಿಗೆಯೊಳಗಿನದರ ಪಾಡು ಅಲ್ಲಿಗೆ ಬರಲೇ ಇಲ್ಲ. ಇನ್ನು 1966ರ ಪ್ರಾಣಿ ಕಲ್ಯಾಣ ಕಾಯ್ದೆ ಬಿಸಿರಕ್ತದ ಪ್ರಾಣಿಗಳಿಗಷ್ಟೇ ಅನ್ವಯಿಸುತ್ತದೆ. ಕಾನೂನು ಹೀಗೆ ಬೀಳುಬಿಟ್ಟ ಹೊಲದಲ್ಲಿ ಹುಲುಸಾಗಿ ಬೆಳೆದದ್ದು ಈ ಖಾತರಿ.

ಅದರ ಷರತ್ತುಗಳನ್ನು ಒಂದು ಪಠ್ಯದಂತೆ ಓದಿ ನೋಡಬೇಕು. ಮಾರುವವರು ಬೇರೆಬೇರೆಯಾದರೂ ವಾಕ್ಯಗಳು ಹೆಚ್ಚುಕಡಿಮೆ ಒಂದೇ ಎರಕದವು. ಕೊರಿಯರಿನವನು ಮೊದಲ ಸಲ ಬಂದಾಗಲೇ ಪೆಟ್ಟಿಗೆ ಪಡೆಯಬೇಕು. ಪ್ರಾಣಿ ಸತ್ತಿದ್ದರೆ ಒಂದೆರಡು ಗಂಟೆಯೊಳಗೆ ಫೋಟೊ ಕಳಿಸಬೇಕು. ಪ್ರಾಣಿಯ ಬೆಲೆ ಮರಳಬಹುದು, ಸಾಗಣೆಯ ವೆಚ್ಚ ಮರಳದು. ಹೊರಗಿನ ತಾಪ ಸುಮಾರು 40ರಿಂದ 90 ಡಿಗ್ರಿ ಫ್ಯಾರನ್‌ಹೀಟಿನ, ಎಂದರೆ 4ರಿಂದ 32 ಸೆಲ್ಸಿಯಸ್ಸಿನ ಆಚೀಚೆ ಹೋದರೆ ಮಾತು ರದ್ದು. ಬಿರುಗಾಳಿ, ಹಿಮಪಾತಗಳಿಂದ ತಡವಾದರೆ ಎಷ್ಟೋ ಕಡೆ ಆಗಲೂ ರದ್ದು. ಇವೆಲ್ಲ ವ್ಯಾಪಾರಿಯ ಸಹಜ ಎಚ್ಚರಿಕೆಗಳೆಂದು ಬಿಟ್ಟುಬಿಡಬಹುದು. ಬಿಡಲಾಗದ್ದು ಆ ಒಂದೆರಡು ಗಂಟೆಯ ಗಡುವು. ತನ್ನ ಕೈಯಲ್ಲೇ ಸಾಯಿಸಿಕೊಂಡು ದುಡ್ಡು ಕೇಳುವ ಗಿರಾಕಿಯಿಂದ ಪಾರಾಗಲು ಗಡುವು ಬೇಕು, ಒಪ್ಪೋಣ. ಆದರೆ ಅದು ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತದೆ. ಗಡುವಿನೊಳಗಿನ ಸಾವು ಪ್ರಯಾಣದ್ದು, ಗಡುವು ದಾಟಿದ ಸಾವು ಸಾಕುವವನ ತಪ್ಪಿನದು ಎಂದು ಕಾಲವನ್ನು ಎರಡು ಹೋಳು ಮಾಡುತ್ತದೆ. ಪ್ರಯಾಣದ ಪೆಟ್ಟು ಆ ಎರಡು ಗಂಟೆಯಲ್ಲೇ ಮೈಮೇಲೆ ಕಾಣಿಸಿಕೊಂಡುಬಿಡುತ್ತದೆ ಎಂಬ ಎಣಿಕೆ ಇದರ ಅಡಿಯಲ್ಲಿದೆ. ಇಲಿಯ ವಿಷಯದಲ್ಲಿ ಆ ಎಣಿಕೆ ಸರಿಯಿದ್ದೀತು. ಹೆಬ್ಬಾವಿನ ಒಡಲು ನಡೆಯುವುದು ಬೇರೆ ಗಡಿಯಾರದಲ್ಲಿ. ಚಳಿ ಹೊಕ್ಕ ಹಾವಿಗೆ ಶ್ವಾಸಕೋಶದ ಸೋಂಕು ತಲೆದೋರಲು ದಿನಗಳೇ ಬೇಕು, ಕೆಲವೊಮ್ಮೆ ವಾರಗಳು. ನೀರು ಕಡಿಮೆಯಾದ ಊಸರವಳ್ಳಿಯ ಮೂತ್ರಪಿಂಡ ಕೈಕೊಡುವುದೂ ನಿಧಾನವಾಗಿಯೇ. ಅಷ್ಟು ಹೊತ್ತಿಗೆ ಪೆಟ್ಟಿಗೆ ರದ್ದಿ ಸೇರಿರುತ್ತದೆ. ಮಾರಾಟಗಾರನಿಗೆ ಐದು ನಕ್ಷತ್ರಗಳ ಪ್ರಶಸ್ತಿಯೂ ಸಂದಿರುತ್ತದೆ.

‘ಸರೀಸೃಪ ಗಟ್ಟಿ ಪ್ರಾಣಿ, ತಿಂಗಳುಗಟ್ಟಲೆ ಉಪವಾಸ ಇರಬಲ್ಲದು, ಎರಡು ದಿನ ತಡವಾದರೆ ಏನಾದೀತು’ ಎಂಬುದು ಈ ವ್ಯಾಪಾರದ ಮೊದಲ ಸಮರ್ಥನೆ. ಉಪವಾಸದ ಮಾತು ನಿಜ, ಬಾಲ್ ಪೈಥಾನ್ ಎಷ್ಟೋ ಸಲ ತಾನಾಗಿಯೇ ತಿಂಗಳುಗಟ್ಟಲೆ ಆಹಾರ ಬಿಡುತ್ತದೆ. ಆದರೆ ಇಲ್ಲಿ ಕೊಲ್ಲುವುದು ಹಸಿವಲ್ಲ, ತಾಪ. ನಮ್ಮ ಹಾಗೆ ಬೆವರಿ ತಂಪಾಗುವ, ನಡುಗಿ ಬಿಸಿಯಾಗುವ ಏರ್ಪಾಡು ಹಲ್ಲಿಗಿಲ್ಲ. ಅದಕ್ಕಿರುವ ದೊಡ್ಡ ಉಪಾಯ ನಡಿಗೆ: ಬಿಸಿ ಬೇಕಾದಾಗ ಬಂಡೆಯ ಮೇಲೆ, ಸಾಕಾದಾಗ ಬಿರುಕಿನೊಳಗೆ. ಬೇಲಿಯ ಮೇಲಿನ ಓತಿಕ್ಯಾತ ದಿನವಿಡೀ ಜಾಗ ಬದಲಿಸುತ್ತಿರುವುದು ಸುಮ್ಮನೆ ಅಲ್ಲ. ಕೊರಿಯರಿಗಾಗಿ ಕಟ್ಟುವವರು ಅದೇ ಪ್ರಾಣಿಯನ್ನು ತೂತು ಹೊಡೆದ ಪ್ಲಾಸ್ಟಿಕ್ ಬಟ್ಟಲಿಗೋ ಬಟ್ಟೆಯ ಚೀಲಕ್ಕೋ ಹಾಕಿ, ಕಾಗದದ ಉಂಡೆಗಳ ನಡುವೆ ಅಲುಗದಂತೆ ಕೂರಿಸಿ, ಥರ್ಮಾಕೋಲ್ ಒಳಗೋಡೆಯ ರಟ್ಟಿನ ಪೆಟ್ಟಿಗೆಯಲ್ಲಿ ಮುಚ್ಚುತ್ತಾರೆ. ಅಲುಗಾಟದಿಂದ ಪೆಟ್ಟಾಗದಿರಲಿ ಎಂಬ ಕಾಳಜಿ ಅದರಲ್ಲಿದೆ, ಚೆನ್ನಾಗಿ ಕಟ್ಟಿದ ಪೆಟ್ಟಿಗೆಯ ಹಿಂದೆ ಕುಶಲತೆಯೂ ಇದೆ. ಆದರೆ ಆ ಕುಶಲತೆ ಮೊದಲು ಕಿತ್ತುಕೊಳ್ಳುವುದು ಪ್ರಾಣಿಯ ಆ ಉಪಾಯವನ್ನೇ. ಅದರ ಮೈಯ ತಾಪವನ್ನು ಅಲ್ಲಿಂದ ಮುಂದೆ ಪೂರ್ತಿಯಾಗಿ ಪೆಟ್ಟಿಗೆಯೇ ನಿರ್ಧರಿಸಬೇಕು.

ಪೆಟ್ಟಿಗೆಗೆ ಆ ವಿದ್ಯೆ ಎಲ್ಲಿಂದ ಬರಬೇಕು? ಚಳಿಗಾಲದಲ್ಲಿ ಒಳಗಿಡುವ ಹೀಟ್ ಪ್ಯಾಕನ್ನೇ ನೋಡಿ. ವ್ಯಾಪಾರದ ಇಡೀ ಆತ್ಮವಿಶ್ವಾಸ ಆ ಪುಟ್ಟ ಪೊಟ್ಟಣದ ಮೇಲೆ ನಿಂತಿದೆ. ಒಳಗಿರುವುದು ಕಬ್ಬಿಣದ ಪುಡಿ, ಇದ್ದಿಲು, ಉಪ್ಪು, ನೀರು ಹಿಡಿದಿಡುವ ಖನಿಜ. ಗಾಳಿ ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿಯುವಾಗ ಬಿಸಿ ಹೊರಬರುತ್ತದೆ. 40 ಗಂಟೆಯದು, 72 ಗಂಟೆಯದು ಎಂದು ಹೊದಿಕೆಯ ಮೇಲೆ ಅಚ್ಚಾಗಿರುತ್ತದೆ. ಆ ಅಂಕಿಯನ್ನು ಓದುವವರು ಅದರ ಷರತ್ತನ್ನು ಮರೆಯುತ್ತಾರೆ: ಪೊಟ್ಟಣ ಉರಿಯುವುದು ಉಸಿರಾಡಿದರೆ ಮಾತ್ರ. ಪೆಟ್ಟಿಗೆಗೆ ತೂತು ಸಾಲದಿದ್ದರೆ ಅದು ಪ್ರಾಣಿಯ ಗಾಳಿಯಲ್ಲೇ ಪಾಲು ಬೇಡುತ್ತದೆ, ಗಾಳಿ ತೀರಿದಾಗ ತಣ್ಣಗಾಗುತ್ತದೆ. ತೂತು ಧಾರಾಳವಾಗಿದ್ದು ಪೆಟ್ಟಿಗೆ ಬೆಚ್ಚನೆಯ ಗೋದಾಮಿನಲ್ಲೋ ಬಿಸಿಲಿಗೆ ನಿಂತ ವ್ಯಾನಿನಲ್ಲೋ ಸಿಕ್ಕಿಕೊಂಡರೆ ಹೊರಗಿನ ಬಿಸಿಗೆ ತನ್ನದನ್ನೂ ಕೂಡಿಸುತ್ತದೆ. ಸಾಕು ಎನ್ನುವ ಗುಂಡಿ ಅದಕ್ಕಿಲ್ಲ. ಚಳಿ ತಡೆದುಕೊಳ್ಳಬಲ್ಲ ಹಲವು ಜಾತಿಗಳು ಅತಿಬಿಸಿಗೆ ಬೇಗ ಬಲಿಯಾಗುತ್ತವೆ ಎಂಬುದು ಸಾಕುವವರಿಗೆಲ್ಲ ಗೊತ್ತಿದ್ದ ಮೇಲೆ, ಕಾಪಾಡಲೆಂದು ಇಟ್ಟ ಪೊಟ್ಟಣವೇ ಯಮನಾಗುವುದು ಅಪರೂಪದ ಅಕಸ್ಮಾತ್ ಎನ್ನಲು ಬಾರದು. 22 ಡಿಗ್ರಿಯ ಸುಮಾರಿಗೆ ಕರಗಿ ಹೆಪ್ಪುಗಟ್ಟುತ್ತ ಬಿಸಿಯನ್ನು ಹೀರಿ ಮತ್ತೆ ಬಿಟ್ಟುಕೊಡುವ ಜೆಲ್ ಚೀಲಗಳು ಇದಕ್ಕಿಂತ ಎಷ್ಟೋ ವಾಸಿ. ಆದರೆ ಅವುಗಳ ಶಕ್ತಿಯೂ ಇಂತಿಷ್ಟು ಗಂಟೆಯದೇ.

ತಡ ಎಂಬುದನ್ನು ದೈವೇಚ್ಛೆಯ ಖಾತೆಗೆ ಬರೆಯುವ ರೂಢಿ ಇಲ್ಲಿಯೇ ಸಡಿಲವಾಗುತ್ತದೆ. 1973ರ ಏಪ್ರಿಲ್ 17ರ ರಾತ್ರಿ ಮೆಂಫಿಸ್‌ನಿಂದ 14 ವಿಮಾನಗಳು 186 ಪೊಟ್ಟಣಗಳನ್ನು 25 ನಗರಗಳಿಗೆ ಒಯ್ದಾಗ ಹುಟ್ಟಿದ ಫೆಡೆಕ್ಸ್ ಏರ್ಪಾಡಿನ ಜಾಣ್ಮೆಯೇ ಎಲ್ಲವನ್ನೂ ಒಂದು ಕೇಂದ್ರಕ್ಕೆ ತಂದು, ನಡುರಾತ್ರಿ ವಿಂಗಡಿಸಿ, ಮತ್ತೆ ಚೆದುರಿಸುವುದರಲ್ಲಿದೆ. ನೆರೆ ರಾಜ್ಯಕ್ಕೆ ಹೋಗಬೇಕಾದ ಗೆಕ್ಕೊ ಕೂಡ ಮೆಂಫಿಸ್ ನೋಡಿ ಬರುವುದುಂಟು. ಆ ಒಂದು ಊರಿನ ಮೇಲೆ ಗುಡುಗುಮಳೆ ಕೂತರೆ ಎಲ್ಲಿಯ ಪೆಟ್ಟಿಗೆಯೋ ಎಲ್ಲಿಯೋ ನಿಲ್ಲುತ್ತದೆ. ಇದು ಆ ಜಾಲದ ಸ್ವಭಾವ. ಕಾಗದಪತ್ರಕ್ಕೆ ಅದು ಅನನುಕೂಲ, ಅಷ್ಟೆ. 2020ರ ಮಾರ್ಚಿನಲ್ಲಿ ಫೆಡೆಕ್ಸ್, ಯುಪಿಎಸ್ ಎರಡೂ ವೇಳೆಗೆ ತಲುಪದಿದ್ದರೆ ಹಣ ವಾಪಸ್ಸು ಎಂಬ ತಮ್ಮ ಖಾತರಿಯನ್ನು ಅಮಾನತಿನಲ್ಲಿಟ್ಟವು. ಅಂಥ ಕಂಪನಿಗಳೇ ವೇಳೆಯ ಮಾತು ಹಿಂತೆಗೆದುಕೊಳ್ಳಬಹುದಾದಾಗ, ಅವರ ವಿಮಾನವನ್ನು ನಂಬಿ ಕೂತ ಹಾವಿನ ವ್ಯಾಪಾರಿ ಜೀವದ ಮಾತು ಕೊಡುವುದು ಯಾವ ಧೈರ್ಯದಿಂದ? ಧೈರ್ಯದ ಮೂಲ ವಿಮಾನದಲ್ಲಿಲ್ಲ. ತನ್ನ ಸರಕು ಬೇಗ ಸಾಯುವುದಿಲ್ಲ ಎಂಬುದು ಅವನಿಗೆ ಗೊತ್ತು.

ಕೋಳಿಮರಿಗಳ ಕಥೆಯನ್ನು ಪಕ್ಕಕ್ಕಿಟ್ಟರೆ ಇದು ಬಿಡಿಸಿ ಕಾಣುತ್ತದೆ. ಒಂದು ದಿನದ ಮರಿಗಳನ್ನು ಅಮೆರಿಕದ ಅಂಚೆ 1918ರಿಂದ ಒಯ್ಯುತ್ತಿದೆ. ಹೊಟ್ಟೆಯಲ್ಲುಳಿದ ಹಳದಿ ಲೋಳೆಯ ಬಲದಿಂದ ಮರಿ ಸುಮಾರು ಮೂರು ದಿನ ಅನ್ನನೀರಿಲ್ಲದೆ ಇರಬಲ್ಲದು ಎಂಬ ಲೆಕ್ಕ ಅದಕ್ಕೆ ಆಧಾರ. 2020ರ ಆಗಸ್ಟಿನಲ್ಲಿ ಅಂಚೆ ಕುಂಟಿದಾಗ ಮೇನ್ ರಾಜ್ಯದ ರೈತರಿಗೆ ಸುಮಾರು 4,800 ಮರಿಗಳು ಸತ್ತು ತಲುಪಿದವು. 2025ರಲ್ಲಿ ಡೆಲವೇರ್‌ನ ಅಂಚೆ ಲಾರಿಯೊಂದರಲ್ಲಿ ಸುಮಾರು 12,000 ಮರಿಗಳು ಮೂರು ದಿನ ಸಿಕ್ಕಿಕೊಂಡು ಸಾವಿರಾರು ಸತ್ತವು. ಈ ಎರಡೂ ಘಟನೆಗಳು ದೇಶವೆಲ್ಲ ಮಾತಾಡುವ ಸುದ್ದಿಯಾದವು. ಕೋಳಿಮರಿ ಚಿಂವ್‌ಗುಟ್ಟುತ್ತದೆ, ಗಡುವು ಮೀರಿದರೆ ಅಲ್ಲೇ ಸಾಯುತ್ತದೆ, ಹೆಣ ಎಣಿಕೆಗೆ ಸಿಗುತ್ತದೆ. ಹಲ್ಲಿ ಈ ಮೂರರಲ್ಲಿ ಒಂದನ್ನೂ ಮಾಡುವುದಿಲ್ಲ. ನಮ್ಮ ಬೆಂಗಳೂರಿನ ವಿಮಾನ ನಿಲ್ದಾಣ 2023ರ ಸೆಪ್ಟೆಂಬರಿನಲ್ಲಿ ಇದಕ್ಕಿಂತ ಖಚಿತವಾದ ಸಾಕ್ಷ್ಯ ಒದಗಿಸಿತು. ಬ್ಯಾಂಕಾಕಿನಿಂದ ಬಂದ ಲಗೇಜಿನಲ್ಲಿ ಕಸ್ಟಮ್ಸಿನವರಿಗೆ 78 ಪ್ರಾಣಿಗಳು ಸಿಕ್ಕವು: 55 ಬಾಲ್ ಪೈಥಾನ್, 17 ಕಾಳಿಂಗ, 6 ಕಪುಚಿನ್ ಕೋತಿ. ಕೋತಿಗಳು ಸತ್ತಿದ್ದವು, ಹಾವುಗಳು ಬದುಕಿದ್ದವು. ‘ಜೀವಂತ ತಲುಪಿತೇ’ ಎಂಬ ಒಂದೇ ಕೋಲಿನಿಂದ ಅಳೆದರೆ ಹಾವುಗಳ ಮಟ್ಟಿಗೆ ಆ ಕಳ್ಳಸಾಗಣೆದಾರನೂ ಖಾತರಿ ಉಳಿಸಿಕೊಂಡವನೇ. ಪ್ರಾಮಾಣಿಕ ಸಾಕಣೆದಾರ ಇವನಿಗೆ ಸಮನೆಂದು ನಾನು ಹೇಳುತ್ತಿಲ್ಲ, ಇಬ್ಬರ ನಡುವೆ ಅಜಗಜಾಂತರವಿದೆ. ಆ ಅಂತರ ಕಾಣದ ಅಳತೆಗೋಲಿನಿಂದ ಏನು ಪ್ರಯೋಜನ ಎಂಬುದಷ್ಟೇ ಪ್ರಶ್ನೆ.

ಇಷ್ಟು ದೂರ ಬಂದ ಮೇಲೆ, ಈ ವ್ಯಾಪಾರವನ್ನು ನನಗಿಂತ ಜೋರಾಗಿ ಬಯ್ಯುವವರ ಜೊತೆಗೂ ಜಗಳ ತಪ್ಪದು. ಪ್ರಾಣಿದಯೆಯ ಪಾಳೆಯದ ವಿಮರ್ಶಕರು ಸಾಗಣೆಯ ಮಾತು ಬಂದರೆ ಸಾಕು, 2014ರ ಒಂದು ಪ್ರಬಂಧವನ್ನು ಮೇಜಿನ ಮೇಲೆ ಕುಕ್ಕುತ್ತಾರೆ. ಟೆಕ್ಸಾಸ್‌ನ ಆರ್ಲಿಂಗ್ಟನ್ನಿನ ಸಗಟು ವ್ಯಾಪಾರಿಯೊಬ್ಬರ ಗೋದಾಮಿನಿಂದ 2009ರ ಡಿಸೆಂಬರಿನಲ್ಲಿ ವಶಪಡಿಸಿಕೊಂಡ 26,000ಕ್ಕೂ ಹೆಚ್ಚು ಪ್ರಾಣಿಗಳ ಅಧ್ಯಯನ ಅದು. 171 ಬಗೆಯ ಪ್ರಾಣಿಗಳು, ಅವುಗಳಲ್ಲಿ ಶೇಕಡಾ 80ರಷ್ಟು ಕಾಯಿಲೆ ಬಿದ್ದವು, ಗಾಯಗೊಂಡವು ಇಲ್ಲವೇ ಸತ್ತವು. ಓದಿದರೆ ನಿದ್ದೆ ಬಾರದಂಥ ಬರಹ, ಅದರ ಬೆಲೆಯನ್ನು ನಾನು ಇಳಿಸುತ್ತಿಲ್ಲ. ಆದರೆ ಅದು ಗೋದಾಮಿನ ಕಥೆ: ಕಿಕ್ಕಿರಿದ ತೊಟ್ಟಿಗಳು, ನೀರು ಆಹಾರಗಳ ಅಭಾವ, ಶುಚಿಯಿಲ್ಲದ ವಾಸ. ಮನೆಯಲ್ಲಿ ಹತ್ತು ಜೋಡಿ ಗೆಕ್ಕೊ ಸಾಕಿ ವಾರಕ್ಕೊಂದು ಪೆಟ್ಟಿಗೆ ಕಳಿಸುವವರ ಮೇಲೆ ಆ ಅಂಕಿಯನ್ನು ಹೊರಿಸುವುದು ಕಸಾಯಿಖಾನೆಯ ಲೆಕ್ಕ ತೋರಿಸಿ ಹಾಲು ಮಾರುವವರನ್ನು ಹಿಡಿದಂತೆ. ಸಾಕಣೆದಾರರು ಕೂಡಲೇ ಆ ತಪ್ಪು ಹಿಡಿಯುತ್ತಾರೆ, ನೂರಾರು ಪೆಟ್ಟಿಗೆ ಕಳಿಸಿದ್ದೇವೆ ಒಂದೂ ಸತ್ತಿಲ್ಲ ಎನ್ನುತ್ತಾರೆ, ವಾದ ಅಲ್ಲಿಗೆ ಮುಗಿಯುತ್ತದೆ. ಮುಗಿಯಲೇಬೇಕು, ಯಾಕೆಂದರೆ ಎರಡೂ ಕಡೆಯವರು ಎಣಿಸುತ್ತಿರುವುದು ಹೆಣಗಳನ್ನೇ. ಹೆಣದ ಲೆಕ್ಕದಲ್ಲಿ ಖಾತರಿಯೇ ಗೆಲ್ಲುವುದು, ಅದನ್ನು ರೂಪಿಸಿದ್ದೇ ಆ ಆಟಕ್ಕೆ. ಮಾರಾಟಗಾರರಿಗೆ ನಕ್ಷತ್ರ ಹಂಚುವ ಹವ್ಯಾಸಿ ವಿಮರ್ಶಕರಂತೂ ಪೆಟ್ಟಿಗೆ ತೆರೆದ ಗಳಿಗೆಯಲ್ಲೇ ತೀರ್ಪು ಬರೆದು ಮುಗಿಸುತ್ತಾರೆ. ಊಟದ ಎಲೆ ಹಾಸಿದ ಚಂದ ನೋಡಿಯೇ ಅಡುಗೆಯ ಗುಣ ಹೇಳುವ ಈ ಅವಸರಕ್ಕೆ ವಿಮರ್ಶೆಯೆಂಬ ಹೆಸರೇಕೋ ತಿಳಿಯದು.

ಮೆಚ್ಚಬೇಕಾದ್ದನ್ನು ಮೆಚ್ಚಬೇಕು. ವಾರಾಂತ್ಯದಲ್ಲಿ ಸಿಕ್ಕಿಬಿದ್ದೀತೆಂದು ಗುರುವಾರದ ಮೇಲೆ ಕಳಿಸದವರಿದ್ದಾರೆ. ದಿನವಿಡೀ ವ್ಯಾನಿನಲ್ಲಿ ಸುತ್ತದಿರಲಿ ಎಂದು ಕೊರಿಯರಿನ ಕಚೇರಿಯಲ್ಲೇ ಪೆಟ್ಟಿಗೆ ತಡೆಹಿಡಿಸಿ, ಕೊಳ್ಳುವವರೇ ಬಂದು ಒಯ್ಯಬೇಕೆಂದು ಪಟ್ಟು ಹಿಡಿಯುವವರಿದ್ದಾರೆ. ಈ ವ್ಯಾಪಾರ ಕಂಡುಕೊಂಡ ಅತ್ಯಂತ ವಿವೇಕದ ಕ್ರಮ ಅದೇ. ಹವಾಮಾನ ನಮ್ಮ ಕೈಯಲ್ಲಿಲ್ಲ ಎಂದು ಅವರು ಹೇಳಿದರೆ, ಕಳಿಸುವ ದಿನ ನಿಮ್ಮ ಕೈಯಲ್ಲಿದೆ ಎಂಬ ಉತ್ತರವನ್ನು ಅವರ ನಡತೆಯೇ ಕೊಡುತ್ತದೆ. ಇಷ್ಟಾದರೂ ದಾರಿಯಲ್ಲಿ ಏನಾಯಿತು ಎಂಬುದು ಅವರ ಪೆಟ್ಟಿಗೆಯಲ್ಲೂ ದಾಖಲಾಗುವುದಿಲ್ಲ. ದಾಖಲಿಸಲು ಬಾರದ್ದೇನಲ್ಲ. ಪೋಲಿಯೊ ಹನಿಯ ಸೀಸೆಯ ಮೇಲೆ 1996ರಿಂದ ಒಂದು ಗುರುತು ಬರುತ್ತಿದೆ, ವೃತ್ತದೊಳಗೊಂದು ಪುಟ್ಟ ಚೌಕ. ಸೀಸೆ ಬಿಸಿ ಉಂಡಷ್ಟೂ ಚೌಕ ಕಪ್ಪಾಗುತ್ತದೆ, ವೃತ್ತದಷ್ಟೇ ಕಪ್ಪಾದರೆ ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಆ ಸೀಸೆಯನ್ನು ಬದಿಗಿಡುತ್ತಾಳೆ. ಗಂಟೆಗಂಟೆಯ ತಾಪ ಬರೆದಿಡುವ ಅಂಗೈಯಗಲದ ಯಂತ್ರಗಳೂ ಔಷಧದ ಸಾಗಣೆಯಲ್ಲಿ ಹಳೆಯ ಮಾತು. ಖರ್ಚು ಹೆಚ್ಚು ಎಂಬ ಆಕ್ಷೇಪ ಸಾವಿರ ಡಾಲರಿನ ಹಾವಿನ ಪಕ್ಕದಲ್ಲಿ ನಿಲ್ಲುವುದಿಲ್ಲ. ಅಂಥದೊಂದು ಪೆಟ್ಟಿಗೆಯೊಳಗಿದ್ದರೆ, ಆರನೆಯ ದಿನ ಸತ್ತ ಹಾವನ್ನು ಹಿಡಿದು ನಿಂತ ಗಿರಾಕಿಯ ಇನ್ನೊಂದು ಕೈಯಲ್ಲಿ ಮಂಗಳವಾರ ರಾತ್ರಿಯ ಎರಡು ಗಂಟೆಯಿಂದ ನಾಲ್ಕರವರೆಗಿನ ಅಂಕಿಗಳೂ ಇರುತ್ತಿದ್ದವು.