‘ಊಟ ಆದ್ಮೇಲೆ’: ಎರಡು ಪದಗಳ ಅತಿಕೀರ್ತಿ

ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಆಸುಪಾಸಿನ ಮೆಡಿಕಲ್ ಶಾಪುಗಳಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಕೇಳಿಬರುವ ಮಾತು ಯಾವುದೆಂದು ಪಂಥ ಕಟ್ಟಿದರೆ, ನಾನು ‘ಊಟ ಆದ್ಮೇಲೆ’ ಎಂಬುದರ ಪರ ಕಟ್ಟುತ್ತೇನೆ. ಗಿರಾಕಿಯ ಮುಖ ನೋಡಿ ಅದೇ ಮಾತು ‘ಖಾನೇ ಕೆ ಬಾದ್’ ಆಗುತ್ತದೆ, ಹಲಸೂರಿಗೆ ಬಂದರೆ ‘ಸಾಪ್ಟ ಅಪ್ಪುರಂ’, ಕೆ.ಆರ್. ಪುರದಲ್ಲಿ ‘ತಿನ್ನಾಕ’. ದಂಡಿನ ಪ್ರದೇಶದ ನಾಲ್ಕು ಭಾಷೆಗಳೂ ಜಗಳವಿಲ್ಲದೆ ಒಪ್ಪಿಕೊಂಡ ಇನ್ನೊಂದು ವಾಕ್ಯವನ್ನು ನಾನಂತೂ ಕೇಳಿಲ್ಲ. ಮಂಡಿನೋವು ಎಂದವರಿಗೆ ಕತ್ತರಿಯಿಂದ ಕತ್ತರಿಸಿದ ಆರು ನೋವಿನ ಮಾತ್ರೆ, ಜೊತೆಗೆ ಮೂರು ಗ್ಯಾಸ್ ಮಾತ್ರೆ, ಕಾಗದದ ಕವರಿನ ಮೇಲೆ ಪೆನ್ನಿನಲ್ಲಿ ಗೀಚಿದ 1-0-1, ಬಾಯಲ್ಲಿ ಈ ಎರಡು ಪದ. ಸುರಕ್ಷತೆಯ ಪಾಠ ಅಲ್ಲಿಗೆ ಮುಗಿಯಿತು.

ನನ್ನ ತಕರಾರು ಈ ಎರಡು ಪದಗಳ ಮೇಲೆ. ಅವು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಮನೆಗಳಲ್ಲಿ ಅವಕ್ಕೆ ಸಿಕ್ಕಿರುವ ಮರ್ಯಾದೆ ಅವುಗಳ ಯೋಗ್ಯತೆಗಿಂತ ಬಹಳ ದೊಡ್ಡದು. ‘ದಿನಾ ನೋವಿನ ಮಾತ್ರೆ ತಗೋತಾರೆ, ಆದ್ರೆ ಊಟ ಆದ್ಮೇಲೇನೇ’ ಎನ್ನುವಾಗ ಹೇಳುವವರ ದನಿಯಲ್ಲಿ ವ್ರತ ಕೆಡದವರ ಸಮಾಧಾನವಿರುತ್ತದೆ.

ಸಾಲನ್ನು ಸ್ವಲ್ಪ ಕೆದಕಿ ನೋಡೋಣ. ಅದರ ಹಿಂದೆ ಒಂದು ಚಿತ್ರವಿದೆ: ಹೊಟ್ಟೆ ಒಂದು ನೆಲ, ಮಾತ್ರೆ ಒಂದು ಕೆಂಡ. ನೆಲದ ಮೇಲೆ ಅನ್ನ ಸಾರು ಹರಡಿದ್ದರೆ ಕೆಂಡ ಬಿದ್ದರೂ ಸುಡುವುದಿಲ್ಲ. ಚಿತ್ರ ಸೊಗಸಾಗಿದೆ, ಆದರೆ ವೈದ್ಯಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಈ ಗುಳಿಗೆಗಳು ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತವೆ ಎಂಬುದನ್ನು 1971ರಲ್ಲಿ ಜಾನ್ ವೇನ್ ತೋರಿಸಿಕೊಟ್ಟದ್ದು, ಅದಕ್ಕೆ 1982ರಲ್ಲಿ ನೊಬೆಲ್ ಬಂದದ್ದು ಹಳೆಯ ಕಥೆ. ಕೀಲಿನಲ್ಲಿ ಉರಿಯೂತ ಹೊತ್ತಿಸುವ ಆ ವಸ್ತುವೇ ಜಠರದ ಒಳಪದರವನ್ನೂ ಕಾಯುತ್ತದೆ. ಔಷಧ ರಕ್ತಕ್ಕಿಳಿದು ಆ ಕಾವಲನ್ನು ಒಳಗಿನಿಂದಲೇ ತೆಗೆದುಹಾಕುತ್ತದೆ. ಸೊಂಟಕ್ಕೆ ಚುಚ್ಚಿಸಿಕೊಂಡ ಡೈಕ್ಲೋಫೆನಾಕ್ ಇಂಜೆಕ್ಷನ್ ಹೊಟ್ಟೆಯನ್ನು ಮುಟ್ಟುವುದೇ ಇಲ್ಲ. ಹುಣ್ಣು ಆಗಲೂ ಆಗಬಹುದು. ಊಟದಿಂದ ಉರಿ, ವಾಕರಿಕೆ ತುಸು ಕಡಿಮೆಯಾದೀತು, ಹುಣ್ಣು ತಪ್ಪುತ್ತದೆಂಬ ಭರವಸೆಯಿಲ್ಲ. ಇನ್ನೂ ಕೆಟ್ಟ ಸಂಗತಿಯೆಂದರೆ, ಉರಿ ಇಲ್ಲದಿದ್ದರೆ ಅಪಾಯವೂ ಇಲ್ಲವೆಂದು ಜನ ನಂಬುತ್ತಾರೆ. ವಯಸ್ಸಾದವರಲ್ಲಿ ಹುಣ್ಣು ಎಷ್ಟೋ ಸಲ ನೋಯುವುದೇ ಇಲ್ಲ. ಡಾಂಬರಿನಂತೆ ಕಪ್ಪಗೆ ಮಲ ಹೋದಾಗಲೇ ಒಳಗೆ ರಕ್ತ ಸೋರುತ್ತಿರುವುದು ಗೊತ್ತಾಗುವುದು.

ಗ್ಯಾಸ್ ಮಾತ್ರೆಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಗಳು ಜಠರವನ್ನು ನಿಜವಾಗಿ ಕಾಪಾಡುತ್ತವೆ. ಅರವತ್ತು ದಾಟಿದವರಿಗೆ, ಹಿಂದೆ ಹುಣ್ಣಾಗಿದ್ದವರಿಗೆ ವೈದ್ಯರು ಜೊತೆಗೆ ಬರೆದುಕೊಡುವುದು ಸರಿಯೇ. ಆದರೆ ಅವುಗಳ ರಕ್ಷಣೆ ಜಠರಕ್ಕೂ ಅದರಾಚೆಯ ಒಂದು ಗೇಣಿಗೂ ಮಾತ್ರ. ಸಣ್ಣ ಕರುಳಿನ ಉಳಿದ ಭಾಗಕ್ಕೆ ಇಲ್ಲ, ಹೃದಯಕ್ಕಿಲ್ಲ, ಮೂತ್ರಪಿಂಡಕ್ಕಂತೂ ಇಲ್ಲವೇ ಇಲ್ಲ. ಅಸೆಕ್ಲೋಫೆನಾಕ್, ಪ್ಯಾರಾಸಿಟಮಾಲ್, ರಾಬೆಪ್ರಜೋಲ್ ಮೂರನ್ನೂ ಒಂದೇ ಗುಳಿಗೆಯಲ್ಲಿ ತುಂಬಿದ ಜಾಣತನವನ್ನು ಕೇಂದ್ರ ಸರ್ಕಾರ 2016ರ ಪಟ್ಟಿಯಲ್ಲಿ ನಿಷೇಧಿಸಿತು, ವ್ಯಾಜ್ಯವಾದ ಮೇಲೆ 2018ರಲ್ಲಿ ಮತ್ತೆ ನಿಷೇಧಿಸಿತು. ಈಗ ಅದೇ ಸಂಸಾರ ಒಂದು ಕವರಿನೊಳಗೆ ಬಿಡಿಬಿಡಿಯಾಗಿ ನಡೆಯುತ್ತಿದೆ, ಎಷ್ಟೋ ಸಲ ಚೀಟಿಯೇ ಇಲ್ಲದೆ.

ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದೆ ನನ್ನ ದೊಡ್ಡಮ್ಮನ ಮನೆ. ಮಂಡಿ ಸವೆತ, ಹಳೆಯ ಬಿಪಿ. ಬಿಪಿ ಮಾತ್ರೆಯ ಹೆಸರಿನ ಬಾಲದಲ್ಲಿ ಒಂದು ‘ಎಚ್’ ಇತ್ತು. ಆ ಒಂದು ಅಕ್ಷರವನ್ನು ಮನೆಯಲ್ಲಿ ಯಾರೂ ಓದಲಿಲ್ಲ. ಅವರಿಗೆ ನೋವಿನ ಮಾತ್ರೆ ಕೊಡುತ್ತಿದ್ದ ಅಂಗಡಿಯವನೂ ಓದಲಿಲ್ಲ. ‘ಎಚ್’ ಎಂದರೆ ಹೈಡ್ರೋಕ್ಲೋರೋಥಯಾಜೈಡ್, ನೀರು ಹೊರಹಾಕುವ ಔಷಧ. ಅದಕ್ಕೆ ಜೊತೆಯಾಗಿದ್ದದ್ದು ಟೆಲ್ಮಿಸಾರ್ಟನ್. ಮೂತ್ರಪಿಂಡದ ಸೋಸುವ ಗಂಟುಗಳನ್ನು ನೀರಿನ ತೊಟ್ಟಿಗಳೆಂದುಕೊಳ್ಳಿ. ಟೆಲ್ಮಿಸಾರ್ಟನ್ ಹೊರಹೋಗುವ ಕೊಳಾಯಿಯನ್ನು ಸಡಿಲಿಸುತ್ತದೆ, ‘ಎಚ್’ ಒಟ್ಟು ನೀರನ್ನೇ ಕಡಿಮೆ ಮಾಡುತ್ತದೆ. ಇಷ್ಟಾದರೂ ಒಳಬರುವ ಕೊಳಾಯಿಯನ್ನು ಪ್ರೊಸ್ಟಾಗ್ಲಾಂಡಿನ್ ತೆರೆದಿಟ್ಟಿರುವುದರಿಂದ ಕೆಲಸ ಹೇಗೋ ನಡೆಯುತ್ತದೆ. ನೋವಿನ ಮಾತ್ರೆ ಬಂದು ಅದನ್ನೂ ಬಿಗಿ ಮಾಡುತ್ತದೆ. ಬೇಸಿಗೆಯಲ್ಲೋ ಭೇದಿಯಾದಾಗಲೋ ದೇಹದಲ್ಲಿ ನೀರು ಇನ್ನಷ್ಟು ತಗ್ಗಿದರೆ ತೊಟ್ಟಿ ಬತ್ತುತ್ತದೆ. ದೊಡ್ಡಮ್ಮನ ಪಾದಗಳು ಊದಿಕೊಂಡು ಆಸ್ಪತ್ರೆಗೆ ಕರೆದೊಯ್ದಾಗ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಹಿಂದಿನ ವರ್ಷದ ಎರಡರಷ್ಟಾಗಿತ್ತು. ಏನೇನು ಮಾತ್ರೆ ತಗೋತಿದ್ದೀರಿ ಎಂದು ಡಾಕ್ಟರು ಕೇಳಿದ್ದಕ್ಕೆ ಅವರು ಎದೆಯುಬ್ಬಿಸಿ ಹೇಳಿದ್ದು: ‘ಒಂದು ದಿನವೂ ಖಾಲಿ ಹೊಟ್ಟೇಲಿ ತಗೊಂಡಿಲ್ಲ ಡಾಕ್ಟ್ರೇ.’

ಕೌಂಟರಿನಲ್ಲಿ ಕೇಳಬೇಕಿದ್ದದ್ದು ‘ಬಿಪಿಗೆ ಏನು ತಗೋತೀರಮ್ಮ?’ ಎಂಬ ಒಂದೇ ಪ್ರಶ್ನೆ. ‘ಊಟ ಆದ್ಮೇಲೆ’ ಎನ್ನುವಷ್ಟೇ ಹೊತ್ತು ಸಾಕಿತ್ತು.

ಇಲ್ಲಿ ಇತರ ವಿಮರ್ಶಕರ ಜೊತೆಗಿನ ನನ್ನ ಜಗಳವನ್ನೂ ಹೇಳಿಕೊಳ್ಳಬೇಕು. ಪತ್ರಿಕೆಗಳ ಆರೋಗ್ಯ ಪುಟದವರು ಜನರ ‘ಸ್ವಯಂ ವೈದ್ಯ’ವನ್ನು ಬೈದು, ‘ವೈದ್ಯರನ್ನು ಸಂಪರ್ಕಿಸಿ’ ಎಂದು ಮುಗಿಸಿ ಕೈತೊಳೆದುಕೊಳ್ಳುತ್ತಾರೆ. ಓಪಿಡಿ ಸಾಲಿನಲ್ಲಿ ಅರ್ಧ ದಿನ ನಿಂತರೆ ಅರ್ಧ ದಿನದ ಕೂಲಿ ಹೋಗುವ ಮನೆಗೆಲಸದ ಹೆಂಗಸಿಗೆ ಈ ಉಪದೇಶ ಯಾವ ಉಪಯೋಗಕ್ಕೆ? ಚೀಟಿಯಿಲ್ಲದೆ ಮಾರಬಾರದ ಔಷಧವನ್ನು ಮಾರಿದವರು ಯಾರು ಎಂಬ ಪ್ರಶ್ನೆ ಆ ಪುಟಗಳಲ್ಲಿ ಏಳುವುದು ಅಪರೂಪ.

ಇನ್ನೊಂದು ಬಣದ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟಿದೆ. ‘ಇಂಗ್ಲಿಷ್ ಮಾತ್ರೆಯೆಲ್ಲ ವಿಷ, ಅದನ್ನು ತಿಂದೇ ರಣಹದ್ದುಗಳು ಸತ್ತವು’ ಎನ್ನುವವರು ಇವರು. ಹದ್ದುಗಳು ಸತ್ತದ್ದು ನಿಜ. ಡೈಕ್ಲೋಫೆನಾಕ್ ಕೊಟ್ಟ ದನದ ಕಳೇಬರ ತಿಂದು ಅವುಗಳ ಮೂತ್ರಪಿಂಡ ಕೈಕೊಟ್ಟಿತು. 2006ರಲ್ಲಿ ಆ ಔಷಧವನ್ನು ಜಾನುವಾರುಗಳಿಗೆ ನಿಷೇಧಿಸಲಾಯಿತು. ನಮ್ಮ ಪಕ್ಕದ ರಾಮನಗರದಲ್ಲಿ 2012ರಲ್ಲಿ ರಣಹದ್ದು ಧಾಮವನ್ನೇ ಘೋಷಿಸಬೇಕಾಯಿತು. ಆದರೆ ಮನುಷ್ಯನ ರಕ್ತದಲ್ಲಿ ಈ ಔಷಧ ಒಂದೆರಡು ಗಂಟೆಗೆ ಅರ್ಧದಷ್ಟಾಗುತ್ತದೆ. ಅದನ್ನು ಅರಗಿಸಿಕೊಳ್ಳುವ ಆ ಶಕ್ತಿ ಹದ್ದಿಗಿಲ್ಲ. ಹದ್ದನ್ನು ತೋರಿಸಿ ಅಜ್ಜಿಯನ್ನು ಹೆದರಿಸುವುದು ವಾದವಾಗುವುದಿಲ್ಲ. ಹೆದರಿಸಿದ ಮೇಲೆ ಮಾರುವುದೇನು? ‘ಸೈಡ್ ಎಫೆಕ್ಟ್ ಇಲ್ಲದ’ ಪುಡಿ. ಮೂರೇ ದಿನದಲ್ಲಿ ನೋವು ಮಾಯ ಮಾಡುವ ಪುಡಿಯ ಮೇಲೆ ನನಗೆ ಮೊದಲಿಂದಲೂ ಗುಮಾನಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರಲ್ಲಿ ಆರ್ಟ್ರಿ ಕಿಂಗ್ ಎಂಬ ‘ಸಹಜ’ ಕೀಲುನೋವಿನ ಮಾತ್ರೆಯನ್ನು ಪರೀಕ್ಷಿಸಿದಾಗ ಒಳಗೆ ಸಿಕ್ಕಿದ್ದು ಇದೇ ಡೈಕ್ಲೋಫೆನಾಕ್, ಮೇಲೆ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್. ಲೇಬಲ್ಲಿನ ಮೇಲೆ ಎರಡರ ಹೆಸರೂ ಇರಲಿಲ್ಲ. ಹೆಸರು ಹೇಳಿ ಮಾರಿದ ವಿಷ ಬೇಕೋ, ಹೆಸರು ಮುಚ್ಚಿಟ್ಟ ಅಮೃತ ಬೇಕೋ ಎಂದು ಆ ಬಣದವರೇ ಉತ್ತರಿಸಲಿ.

ಹಾಗೆಂದು ನೋವು ಸಹಿಸಿಕೊಂಡು ಕೂತಿರಿ ಎನ್ನಲು ನನಗೆ ಬಾಯಿಲ್ಲ. ನಮಾಜಿಗೆ ಕುರ್ಚಿ ಬೇಕಾದವರಿಗೆ, ಮೆಟ್ರೋ ನಿಲ್ದಾಣದ ಮೆಟ್ಟಿಲನ್ನು ಕೆಳಗಿನಿಂದ ನೋಡಿಯೇ ದಣಿಯುವವರಿಗೆ ಈ ಗುಳಿಗೆ ವರವೇ. ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ, ಒಂದೇ ಜಾತಿಯದು: ಇಷ್ಟು ನಿಯಮದೊಳಗೆ ಅದು ತನ್ನ ಕೆಲಸ ಮಾಡುತ್ತದೆ. ಹೃದ್ರೋಗ ಇದ್ದವರು ಡೈಕ್ಲೋಫೆನಾಕ್ ತಗೊಳ್ಳಬಾರದೆಂದು ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಹೇಳಿದೆ. ಡೆಂಗ್ಯೂ ಕಾಲದಲ್ಲಿ ಜ್ವರಕ್ಕೆ ಈ ಡಬ್ಬಿಗೆ ಕೈ ಹಾಕಬಾರದು, ರಕ್ತಸ್ರಾವದ ಭಯವಿದೆ. ರುಮಟಾಯ್ಡ್ ಸಂಧಿವಾತವಾಗಿದ್ದರೆ ಇದು ನೋವನ್ನಷ್ಟೇ ಮುಚ್ಚುತ್ತದೆ, ಕೀಲಿನ ನಾಶ ಒಳಗೆ ನಡೆದೇ ಇರುತ್ತದೆ.

ಅಷ್ಟೆಲ್ಲ ಕೀರ್ತಿ ಗುಳಿಗೆಗೆ ಹೋಯಿತು, ಮುಲಾಮಿನ ಟ್ಯೂಬು ಕಪಾಟಿನ ಮೂಲೆಯಲ್ಲೇ ಉಳಿಯಿತು. ಮಂಡಿ ಸವೆತಕ್ಕೆ ಮೊದಲು ಹಚ್ಚಿ ನೋಡಬೇಕಾದದ್ದು ಡೈಕ್ಲೋಫೆನಾಕ್ ಜೆಲ್. ಅಮೆರಿಕದ ಸಂಧಿವಾತ ತಜ್ಞರ ಸಂಘದ 2019ರ ಮಾರ್ಗಸೂಚಿ ಮಂಡಿಗೆ ಅದನ್ನು ಬಲವಾಗಿ ಶಿಫಾರಸು ಮಾಡುತ್ತದೆ. ಗುಳಿಗೆಗೆ ಹೋಲಿಸಿದರೆ ರಕ್ತ ಸೇರುವುದು ನೂರರಲ್ಲಿ ಆರರಷ್ಟು. ‘ಹಚ್ಚಿದೆ, ಏನೂ ಆಗ್ಲಿಲ್ಲ’ ಎನ್ನುವವರು ಹಚ್ಚುವುದು ಕಡಲೆಕಾಳಿನಷ್ಟು. ಶೇಕಡ 1ರ ಜೆಲ್ಲಿಗೆ ಅಮೆರಿಕದ ಲೇಬಲ್ ಹೇಳುವ ಲೆಕ್ಕ ಒಂದು ಮಂಡಿಗೆ ಸಲಕ್ಕೆ 4 ಗ್ರಾಂ, ದಿನಕ್ಕೆ ನಾಲ್ಕು ಸಲ. ಆ ಲೆಕ್ಕದಲ್ಲಿ 30 ಗ್ರಾಂನ ಟ್ಯೂಬು ಎರಡು ದಿನಕ್ಕೆ ಖಾಲಿ. ದುಡ್ಡಿನ ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಡಯಾಲಿಸಿಸ್ ಇನ್ನೂ ದುಬಾರಿ ಎಂದಷ್ಟೇ ಹೇಳಬಲ್ಲೆ.

ಮುಂದಿನ ಸಲ ಅಂಗಡಿಗೆ ಹೋದಾಗ ಮನೆಯ ಬಿಪಿ, ಶುಗರ್, ಹಾರ್ಟ್ ಮಾತ್ರೆಗಳ ಸ್ಟ್ರಿಪ್ಪುಗಳನ್ನು ಕೌಂಟರಿನ ಮೇಲೆ ಮೊದಲು ಇಡಿ, ಮಂಡಿಯ ಮಾತು ಆಮೇಲೆ. ಅಂಗಡಿಯವನು ಕತ್ತರಿ ಎತ್ತಿಕೊಂಡರೆ, ಹೆಸರು ಮತ್ತು ಅವಧಿ ಅಚ್ಚಾಗಿರುವ ತುದಿಯನ್ನೇ ಕೊಡಿ ಎಂದು ಕೇಳಿ.